ಒಂಬತ್ತು ನಿಮಿಷದ ನಡಿಗೆ

ಕ್ರೀಡಾಂಗಣದಲ್ಲಿ ಐವತ್ತೆರಡು ಸಾವಿರ ಕುರ್ಚಿಗಳಿವೆ. ಪಂದ್ಯದ ದಿನ ಅವು ತುಂಬುತ್ತವೆ. ಆದರೆ ಬರುವವರಲ್ಲಿ ರೈಲಿನಲ್ಲಿ ಬಂದಿಳಿಯುವವರು ಏಳು ಸಾವಿರ ದಾಟುತ್ತಿರಲಿಲ್ಲ. ಉಳಿದವರು ಕಾರು, ಬೈಕುಗಳಲ್ಲಿ ಬರುತ್ತಿದ್ದರು. ಪಂದ್ಯಕ್ಕೆ ಎರಡು ಗಂಟೆ ಮುಂಚೆಯೇ ಸುತ್ತಲಿನ ನಾಲ್ಕು ರಸ್ತೆಗಳು ಕಟ್ಟಿಕೊಳ್ಳುತ್ತಿದ್ದವು. ಒಮ್ಮೆ ಆಟಗಾರರ ಬಸ್ಸೇ ಅದರಲ್ಲಿ ಸಿಕ್ಕಿಕೊಂಡು, ಆಡುವವರಿಲ್ಲದ ಮೈದಾನವನ್ನು ಜನ ಮುಕ್ಕಾಲು ಗಂಟೆ ನೋಡುತ್ತ ಕುಳಿತರು. ಅದಾದ ಮೇಲೆ ನಮ್ಮ ಸಾರಿಗೆ ಕಚೇರಿಗೆ ಮೇಲಿನಿಂದ ಪತ್ರ ಬಂತು. ನಿಲ್ದಾಣ ಒಂದು ಕಿಲೋಮೀಟರ್ ದೂರದಲ್ಲೇ ಇದ್ದರೂ ಜನ ರೈಲಿನಲ್ಲಿ ಯಾಕೆ ಬರುತ್ತಿಲ್ಲ, ಬರುವಂತೆ ಮಾಡಲು ಏನು ಬೇಕು, ಮೂರು ತಿಂಗಳಲ್ಲಿ ತಿಳಿಸಿ.

ನಮ್ಮ ಮೇಲಧಿಕಾರಿ ಮೇಡಂ ಆ ಕೆಲಸವನ್ನು ನನಗೆ ಕೊಟ್ಟರು. ಗಂಡ ತೀರಿಕೊಂಡ ಮೇಲೆ ನಾನು ಐದು ತಿಂಗಳು ರಜೆಯಲ್ಲಿದ್ದೆ. ಮರಳಿ ಬಂದು ಆಗ ಎಂಟು ತಿಂಗಳಾಗಿತ್ತು. ಅಲ್ಲಿಯವರೆಗೆ ಹಳೆಯ ಅಂಕಿಅಂಶಗಳನ್ನು ಹೊಸ ಕಂಪ್ಯೂಟರಿಗೆ ಏರಿಸುವಂಥ ಹಗುರ ಕೆಲಸವನ್ನೇ ಕೊಡುತ್ತಿದ್ದರು. ನಾನು ಓದಿದ್ದು ಸಂಖ್ಯಾಶಾಸ್ತ್ರ. ಎಣಿಸುವುದಕ್ಕೆ ಯಾವ ಮನಃಸ್ಥಿತಿಯೂ ಬೇಕಿಲ್ಲ. ಒಪ್ಪಿಕೊಂಡೆ.

ನಮ್ಮ ಕಚೇರಿಯಲ್ಲಿ ನಡಿಗೆ ಪಟ್ಟಿ ಎಂಬುದೊಂದಿದೆ. ಯಾವ ನಿಲ್ದಾಣದ ಬಾಗಿಲಿನಿಂದ ಯಾವ ಆಸ್ಪತ್ರೆಗೆ, ಮಾರುಕಟ್ಟೆಗೆ, ಕಾಲೇಜಿಗೆ ಎಷ್ಟು ನಿಮಿಷದ ನಡಿಗೆ ಎಂಬ ವಿವರ ಅದರಲ್ಲಿರುತ್ತದೆ. ದೂರವನ್ನು ಮೀಟರಿನಲ್ಲಿ ಅಳೆದರೆ ಏರು, ಮೆಟ್ಟಿಲು, ರಸ್ತೆ ದಾಟಲು ಕಾಯುವ ಹೊತ್ತು ಇವು ಸಿಗುವುದಿಲ್ಲ ಎಂದು ಹಿಂದೆ ಯಾರೋ ತೀರ್ಮಾನಿಸಿದ್ದರು. ಆದ್ದರಿಂದ ಒಬ್ಬರು ಗಡಿಯಾರ ಹಿಡಿದು ಒಂದು ಸಲ ನಡೆಯುತ್ತಾರೆ, ಬರೆಯುತ್ತಾರೆ. ಒಮ್ಮೆ ಬರೆದದ್ದನ್ನು ಮತ್ತೆ ಅಳೆಯುವ ರೂಢಿಯಿಲ್ಲ. ನಡಿಗೆ ಹತ್ತು ನಿಮಿಷ ಮೀರಿದರೆ ಆ ಜಾಗಕ್ಕೆ ನಿಲ್ದಾಣದಿಂದ ಫೀಡರ್ ಬಸ್ಸು ಬಿಡಬೇಕು, ಮೀರದಿದ್ದರೆ ಬೇಕಿಲ್ಲ. ಇದು ನಿಯಮ.

ಪಟ್ಟಿಯಲ್ಲಿ ನಾನೂರ ಹನ್ನೆರಡು ನಮೂದುಗಳಿವೆ. ನಾನೂರ ಹನ್ನೆರಡನ್ನೂ ಅಳೆದವನು ನನ್ನ ಗಂಡ. ಸರ್ವೆ ವಿಭಾಗದಲ್ಲಿ ಆರು ಜನ ಇದ್ದರು. ಉಳಿದ ಐವರಿಗೆ ಬಿಸಿಲು ಆಗಿಬರುತ್ತಿರಲಿಲ್ಲ, ಇವನಿಗೆ ಕುರ್ಚಿ ಆಗಿಬರುತ್ತಿರಲಿಲ್ಲ. ಎರಡು ವರ್ಷ ಊರೆಲ್ಲ ನಡೆದ. ಕ್ರೀಡಾಂಗಣದ ಸಾಲಿನಲ್ಲಿ ಅವನ ಕೈಬರಹದಲ್ಲಿ ಒಂಬತ್ತು ಎಂದಿತ್ತು.

ಮೊದಲ ಸಭೆಯಲ್ಲಿ ಐದು ಜನ ಇದ್ದೆವು. ನಕ್ಷೆ ಬರೆಯುವವನು ದೊಡ್ಡ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದ. ಕಚೇರಿಯಲ್ಲಿ ಅವನನ್ನು ಎಲ್ಲರೂ ಸ್ಕೇಲು ಎನ್ನುತ್ತಾರೆ. ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಸ್ಕೇಲು ಇಲ್ಲದೆ ಅವನನ್ನು ಯಾರೂ ಕಂಡಿಲ್ಲ. ನನ್ನ ಗಂಡನ ಗೆಳೆಯ. ನಿಲ್ದಾಣದ ಬಾಗಿಲಿನಿಂದ ಒಂದನೇ ಗೇಟಿನವರೆಗೆ ಸ್ಕೇಲು ಇಟ್ಟು ಅವನು, “ಇಲ್ಲಿಂದ ಇಲ್ಲಿಗೆ ಸಾವಿರದ ನಲವತ್ತು ಮೀಟರ್. ಅಂದ್ರೆ ನಡಿಗೆ...” ಎಂದವನು ನನ್ನ ಕಡೆ ನೋಡಿ, ಹಾಳೆಯ ಮಡಿಕೆಯನ್ನು ಅಂಗೈಯಿಂದ ಉಜ್ಜತೊಡಗಿದ. ಮೇಡಂ ರೈಲುಗಳ ಸಂಖ್ಯೆಯ ಬಗ್ಗೆ ಮಾತು ತೆಗೆದರು.

ಎರಡು ತಿಂಗಳು ಕೆಲಸ ಮಾಡಿದೆ. ಪಂದ್ಯದ ಟಿಕೆಟ್ಟನ್ನೇ ರೈಲಿನ ಟಿಕೆಟ್ಟಾಗಿ ಒಪ್ಪಿಕೊಳ್ಳುವುದು, ಹೆಚ್ಚುವರಿ ನಾಲ್ಕು ರೈಲು, ನಿಲ್ದಾಣದಲ್ಲಿ ಇನ್ನೊಂದು ಬಾಗಿಲು, ಕಾಲುದಾರಿಗೆ ದೀಪ. ಪ್ರತಿಯೊಂದಕ್ಕೂ ಲೆಕ್ಕ ಕಟ್ಟಿದೆ. ಒಂಬತ್ತು ನಿಮಿಷದ ನಡಿಗೆಯ ಆಚೆ ಇಷ್ಟು ದೊಡ್ಡ ಕ್ರೀಡಾಂಗಣವಿದ್ದರೆ ಬೇರೆಡೆಗಳ ಅನುಭವದ ಪ್ರಕಾರ ಇಪ್ಪತ್ತು ಸಾವಿರ ಜನ ರೈಲಿನಲ್ಲಿ ಬರಬೇಕು. ಬರುತ್ತಿದ್ದುದು ಏಳು ಸಾವಿರ. ಮಿಕ್ಕ ಹದಿಮೂರು ಸಾವಿರಕ್ಕೆ ಕಾರಣ ಹುಡುಕಿ ಸಿಗದೆ, ಕರಡಿನಲ್ಲಿ ‘ಜನರ ಅಭ್ಯಾಸ’ ಎಂದು ಬರೆದೆ. ಎಲ್ಲ ಅಂಕಿಗಳನ್ನೂ ಎರಡೆರಡು ಸಲ ಪರೀಕ್ಷಿಸುವ ನಾನು ಆ ಒಂಬತ್ತನ್ನು ಮುಟ್ಟಲಿಲ್ಲ. ಮುಟ್ಟಬೇಕೆಂದು ತೋಚಲೂ ಇಲ್ಲ.

ಕರಡು ಮುಗಿಯುವ ಹೊತ್ತಿಗೆ ಒಂದು ಬುಧವಾರ, ಸಾರ್ವಜನಿಕ ದೂರಿನ ಕಿಟಕಿಯಲ್ಲಿ ಕೂರುವ ಗುಮಾಸ್ತರು ಹಲ್ಲು ಕೀಳಿಸಲು ಹೋಗಿದ್ದರು. ಹನ್ನೊಂದರವರೆಗೆ ನಾನು ಅಲ್ಲಿ ಕುಳಿತೆ. ಅರವತ್ತು ದಾಟಿದ ಒಬ್ಬರು ಬಂದರು. ಬೆನ್ನು ನೆಟ್ಟಗಿತ್ತು, ಶೂಗಳಿಗೆ ಬಿಳಿ ಪಾಲಿಶ್. ಫೋನಿನಲ್ಲಿ ಒಂದು ಚಿತ್ರ ತೆಗೆದು ಗಾಜಿಗೆ ಒತ್ತಿ ಹಿಡಿದರು. ನಿಲ್ದಾಣದ ಬಾಗಿಲ ಹೊರಗಿನ ನೀಲಿ ಬೋರ್ಡು. ‘ಕ್ರೀಡಾಂಗಣ, 9 ನಿಮಿಷ ನಡಿಗೆ.’

“ಇದನ್ನ ಅಳೆದ ಪುಣ್ಯಾತ್ಮ ಯಾರಮ್ಮ? ಮನುಷ್ಯನೋ ಕುದುರೆನೋ?”

ನನ್ನ ಹಿಂದೆ ಕೀಲಿಮಣೆಗಳ ಸದ್ದು ನಿಂತಿತು.

ಅವರು ಮೂವತ್ತೆರಡು ವರ್ಷ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ನಡಿಗೆಯ ಸ್ಪರ್ಧೆಯಲ್ಲಿ ಅಷ್ಟು ದೂರವನ್ನು ಒಂಬತ್ತು ನಿಮಿಷದಲ್ಲಿ ಮುಗಿಸಿದ ಮಕ್ಕಳಿಗೆ ತಾವು ಕಪ್ ಕೊಡುತ್ತಿದ್ದುದಾಗಿ ಹೇಳಿದರು. ಅವರೂ ಹೆಂಡತಿಯೂ ಒಂದು ಪಂದ್ಯವನ್ನೂ ಬಿಟ್ಟವರಲ್ಲ. ಈಗ ಹೆಂಡತಿಯ ಮಂಡಿ ಹೋಗಿದೆ. ಬೋರ್ಡನ್ನು ನಂಬಿ ಹೊರಟರೆ ಗೇಟು ಮುಟ್ಟುವಷ್ಟರಲ್ಲಿ ಆಟ ಶುರುವಾಗಿರುತ್ತದೆ. ಕಳೆದ ಎರಡು ಪಂದ್ಯಗಳಿಗೆ ಆಕೆ ಬರಲೇ ಇಲ್ಲ. “ಬಸ್ ಕೇಳಿದ್ರೆ ಒಂಬತ್ತೇ ನಿಮಿಷ, ಬಸ್ ಕೊಡಕ್ಕಾಗಲ್ಲ ಅಂತೀರಿ. ಆ ಅಳೆದೋರನ್ನ ಕರೀರಿ. ನಮ್ಮನೆಯವಳ ಜೊತೆ ಒಂದ್ಸಲ ನಡೀಲಿ.”

“ಅಳೆದೋರು ನನ್ನ ಗಂಡ,” ಅಂದೆ. “ತೀರಿಕೊಂಡಿದ್ದಾರೆ.”

ಮೇಷ್ಟ್ರು ಫೋನನ್ನು ಗಾಜಿನಿಂದ ತೆಗೆದರು. ಕಿಟಕಿಯ ಕಂಡಿಯಲ್ಲಿ ಆಗಲೇ ತೂರಿಸಿದ್ದ ಅರ್ಜಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳತೊಡಗಿದರು.

“ಬಿಡಮ್ಮ. ನಿಧಾನಕ್ಕೆ ಹೋದ್ರಾಯ್ತು. ನಮಗೇನು ಮೆಡಲ್ ಕೊಡ್ಬೇಕಾ ಯಾರಾದ್ರೂ.”

ಅರ್ಜಿಯ ಈಚೆ ತುದಿ ನನ್ನ ಕೈಯಲ್ಲಿತ್ತು. ನಾನು ಬಿಡಲಿಲ್ಲ. ಅವರೇ ಬಿಟ್ಟರು.

ದೂರನ್ನು ದಾಖಲು ಮಾಡಲು ರಿಜಿಸ್ಟರ್ ತೆರೆದೆ. ಪ್ರತಿ ವಿಷಯಕ್ಕೂ ಬೇರೆ ಪುಟವಿರುತ್ತದೆ. ಕ್ರೀಡಾಂಗಣದ ನಡಿಗೆಗೆ ಒಂದು ಪುಟ ತುಂಬಿ ಎರಡನೆಯದಕ್ಕೆ ಹೋಗಿತ್ತು. ಮೇಷ್ಟ್ರದು ಮೂವತ್ತೆಂಟನೆಯ ಅರ್ಜಿ. ಹಿಂದಿನ ಮೂವತ್ತೇಳರ ಮುಂದೆಯೂ ‘ನಕ್ಷೆ ವಿಭಾಗಕ್ಕೆ ಕಳಿಸಿದೆ’ ಎಂದಿತ್ತು. ಅವು ನನ್ನ ಮೇಜಿಗೆ ಬರಬೇಕಾಗಿದ್ದ ಅರ್ಜಿಗಳು.

ಸ್ಕೇಲಿನ ಮೇಜಿನ ಬಳಿ ಹೋಗಿ ನಿಂತೆ. ಅವನು ಕೇಳುವ ಮೊದಲೇ ಕೆಳಗಿನ ಡ್ರಾಯರು ಎಳೆದ. ಅರ್ಜಿಗಳಿಗೆ ದಾರ ಕಟ್ಟಿ ಇಟ್ಟಿದ್ದ.

“ಯಾವಾಗಿಂದ ಗೊತ್ತು ನಿಮಗೆ?”

“ಅವನು ಅಳೆದು ಬಂದ ದಿನದಿಂದ್ಲೇ. ಅವನಿಗೇ ಹೇಳಿದ್ದೆ, ಇದು ಹನ್ನೆರಡಕ್ಕೆ ಕಮ್ಮಿ ಬರಲ್ಲ ಕಣೋ ಅಂತ. ಮೊದಲು ನಿನ್ನ ಹೊಟ್ಟೆ ಕರಗಿಸು, ಆಗ ಒಂಬತ್ತೇ ಬರುತ್ತೆ ಅಂದ.” ಸ್ಕೇಲು ದಾರದ ಗಂಟನ್ನು ನೋಡುತ್ತಿದ್ದ. “ಆಮೇಲೆ ಅವನೇ ಹೋಗ್ಬಿಟ್ಟ. ಹೋದೋನ ಅಳತೆ ತಪ್ಪು ಅಂತ ನಿಮ್ಮ ಮುಂದೆ ಯಾರು ಹೇಳ್ಬೇಕು ಅತ್ತಿಗೆ? ನಾನಾ?”

ಮನೆಗೆ ಬರುತ್ತಿದ್ದ ಕಾಲದಲ್ಲಿ ಅವನು ನನ್ನನ್ನು ಅತ್ತಿಗೆ ಎನ್ನುತ್ತಿದ್ದ. ನಾನು ರಜೆಯಿಂದ ಮರಳಿದ ಮೇಲೆ ಮೇಡಂ ಅನ್ನತೊಡಗಿದ್ದ.

ಮೇಡಂಗೆ ಗೊತ್ತಿತ್ತು. ಗುಮಾಸ್ತರಿಗೆ ಗೊತ್ತಿತ್ತು. ನಾನು ನೊಂದುಕೊಳ್ಳುತ್ತೇನೆಂದು ಇಡೀ ಕಚೇರಿ ಒಟ್ಟಾಗಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ಒಂದು ಬಸ್ಸನ್ನು ಒಂದು ವರ್ಷ ತಡೆದು ನಿಲ್ಲಿಸಿತ್ತು. ನನಗೆ ಕೋಪ ಬರಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದೂ ಅಷ್ಟಾಗಿ ಬರುತ್ತಿರಲಿಲ್ಲ. ಅರ್ಜಿಗಳನ್ನು ತಂದು ದಿನಾಂಕದ ಪ್ರಕಾರ ಜೋಡಿಸಿ ಓದಿದೆ. ಅವಳಿ ಮಕ್ಕಳ ತಳ್ಳುಗಾಡಿಯ ತಾಯಿ. ಊರುಗೋಲಿನ ಒಬ್ಬ ಹಳೆಯ ಆಟಗಾರ. ಒಂಬತ್ತು ನಿಮಿಷ ಎಂದು ಹೊರಟು ಹದಿನೆಂಟಾಗಿ, ಗೇಟಿನ ಕೆಲಸಕ್ಕೆ ಮೂರು ಸಲ ತಡವಾಗಿ ಬೈಸಿಕೊಂಡ ಟಿಕೆಟ್ ಹರಿಯುವಾತ. ನನ್ನ ಹದಿಮೂರು ಸಾವಿರ ಜನರಲ್ಲಿ ಮೂವತ್ತೆಂಟು ಮಂದಿ ತಮ್ಮ ಅಭ್ಯಾಸ ಏನೆಂದು ಬರೆದು ತಿಳಿಸಿದ್ದರು.

ಮೇಡಂ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಮತ್ತೆ ಅಳೆಯಬೇಕೆಂದರೆ ಹಿಂದಿನ ಅಳತೆ ರದ್ದಾಗಬೇಕು. ರದ್ದತಿಯ ಆದೇಶದಲ್ಲಿ ಅಳೆದವರ ಹೆಸರು ಬರುತ್ತದೆ, ಎಲ್ಲ ವಿಭಾಗಗಳಿಗೂ ಹೋಗುತ್ತದೆ, ಬೋರ್ಡನ್ನು ತೆಗೆಯಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ಅಳತೆ ತಪ್ಪಾದರೆ ಉಳಿದ ನಾನೂರ ಹನ್ನೊಂದನ್ನು ಯಾರು ನಂಬುತ್ತಾರೆ? ಇದೆಲ್ಲವನ್ನೂ ಅವರು ಮೃದುವಾಗಿಯೇ ವಿವರಿಸಿದರು. ಕೊನೆಗೆ, “ನೀನು ಬೇಡ ಅಂದ್ರೆ ವರದಿ ಈಗಿರೋ ಹಾಗೇ ಹೋಗ್ಲಿ. ದೀಪ ಇದೆ, ರೈಲಿದೆ, ಯಾರೂ ಏನೂ ಕೇಳಲ್ಲ. ನಿನ್ನ ಮನೆಯ ವಿಷಯ ಇದು. ಭಾನುವಾರ ಪಂದ್ಯ ಇದೆ, ಅಷ್ಟರೊಳಗೆ ಹೇಳು,” ಅಂದರು.

ಮನೆಯಲ್ಲಿ ನಾನೂ ಅತ್ತೆಯೂ ಇಬ್ಬರೇ. ಮೂರನೇ ಮಹಡಿ, ಎರಡು ಕೋಣೆ, ಬಟ್ಟೆ ಒಣಗಿಸುವಷ್ಟೇ ಅಗಲದ ಬಾಲ್ಕನಿ. ಅತ್ತೆ ಇಪ್ಪತ್ತೆಂಟು ವರ್ಷ ಬಟ್ಟೆ ಮಿಲ್ಲಿನಲ್ಲಿ ಅಳತೆ ಪರೀಕ್ಷಿಸುವ ಕೆಲಸ ಮಾಡಿದವರು. ಮಗ್ಗದಿಂದ ಬಂದ ಬಟ್ಟೆ ಅರ್ಧ ಇಂಚು ಕಡಿಮೆಯಿದ್ದರೂ ಕೆಂಪು ಸೀಮೆಸುಣ್ಣದ ಗೀಟು ಹಾಕಿ ಹಿಂದಕ್ಕೆ ಕಳಿಸುತ್ತಿದ್ದರಂತೆ. ಮಿಲ್ಲಿನಲ್ಲಿ ಅವರಿಗೆ ಕೆಂಪಮ್ಮ ಎಂದು ಹೆಸರಿಟ್ಟಿದ್ದರು. ಹೇಳಿಕೊಂಡು ನಗುವುದಕ್ಕೆ ಅವರಲ್ಲಿ ಇದ್ದ ಕಥೆ ಅದೊಂದೇ, ಒಂದು ವರ್ಷದಿಂದ ಅದನ್ನೂ ಹೇಳಿರಲಿಲ್ಲ.

ಅತ್ತೆ ತಿಂಗಳಿಗೊಮ್ಮೆ ಆ ನಿಲ್ದಾಣಕ್ಕೆ ಹೋಗಿ ಬರುತ್ತಿದ್ದರು. ಅಲ್ಲಿ ಅವರಿಗೆ ಬೇರೆ ಕೆಲಸವಿರಲಿಲ್ಲ. ಬೋರ್ಡಿನ ಎದುರು ಒಂದು ಬೆಂಚು ಇದೆ. ಊರಿನಲ್ಲಿ ತನ್ನ ಮಗನ ಕೆಲಸ ಎಂದು ಬೆರಳು ಮಾಡಿ ತೋರಿಸಲು ಇದ್ದದ್ದು ಅದೊಂದು ಬೋರ್ಡು. ಮಿಕ್ಕದ್ದೆಲ್ಲ ಕಡತದೊಳಗಿತ್ತು.

ಸಂಜೆ ಅವರು ದಿಂಬಿನ ಚೀಲಕ್ಕೆ ಗುಂಡಿ ಹೊಲಿಯುತ್ತಿದ್ದಾಗ ವಿಷಯ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು.

ಮೊದಲು ಅವರು ಬೈದದ್ದು ಮೇಷ್ಟ್ರನ್ನು. ಆಮೇಲೆ ಅವರ ಹೆಂಡತಿಯ ಮಂಡಿಯನ್ನು. ಮಂಡಿ ನೋವಿರುವವರು ಮನೆಯಲ್ಲಿ ಟಿವಿ ನೋಡಲಿ, ಊರಿನ ಬೋರ್ಡು ಬದಲಾಯಿಸುವುದು ಯಾಕೆ ಎಂದರು. ನಂತರ, ಅವನು ಚಿಕ್ಕವನಿದ್ದಾಗಲೂ ಸುಳ್ಳು ಹೇಳಿದವನಲ್ಲ ಎಂದರು. ಸುಳ್ಳು ಎಂದು ಯಾರೂ ಹೇಳುತ್ತಿಲ್ಲ, ಒಂಬತ್ತು ನಿಮಿಷಕ್ಕೇ ಅವರು ನಡೆದಿದ್ದಾರೆ ಎಂದೆ. ಹಾಗಾದರೆ ತಪ್ಪು ಎಲ್ಲಿಂದ ಬಂತು ಎಂದು ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿತ್ತು. ಹೇಳಲಿಲ್ಲ.

“ನಾನು ನಡೀತೀನಿ,” ಅಂದರು ಅತ್ತೆ. “ನಂಗೆ ಒಂಬತ್ತೇ ಆದ್ರೆ ಏನ್ಮಾಡ್ತೀಯ?”

“ಒಂಬತ್ತೇ ಬರೀತೀನಿ.”

“ಬರೀಬೇಕು. ಆಮೇಲೆ ಮಾತು ಬದಲಾಯಿಸ್ಬಾರ್ದು.”

ಗುರುವಾರ ಮೇಡಂಗೆ ಮತ್ತೆ ಅಳೆಯುತ್ತೇವೆ ಎಂದು ಹೇಳಿದೆ. ಈ ಸಲ ಒಬ್ಬರೇ ನಡೆಯುವುದು ಬೇಡ, ಚುರುಕಾಗಿ ನಡೆಯುವವರು ಒಬ್ಬರು, ಸಾಧಾರಣದವರು ಒಬ್ಬರು, ನಿಧಾನದವರು ಒಬ್ಬರು, ಮೂವರು ನಡೆದು ಸರಾಸರಿ ತೆಗೆಯೋಣ, ಪಂದ್ಯದ ದಿನವೇ ತೆಗೆಯೋಣ ಎಂದೆ. ಚುರುಕಿನವರಾಗಿ ಬರಲು ಮೇಷ್ಟ್ರಿಗೆ ಫೋನು ಮಾಡಿದೆ. ಅವರು ಕೂಡಲೇ ಒಪ್ಪಿ, ಎಷ್ಟು ಗಂಟೆಗೆ ವರದಿ ಮಾಡಿಕೊಳ್ಳಬೇಕು ಎಂದು ಕೇಳಿದರು.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ನಿಲ್ದಾಣದಿಂದ ಜನ ಹೊರಬೀಳುತ್ತಿದ್ದರು. ಬಿಸಿಲಿತ್ತು. ಮೊದಲು ಮೇಷ್ಟ್ರು ನಡೆದರು. ಹೊರಡುವ ಮೊದಲು ಎರಡೂ ಕಾಲು ಝಾಡಿಸಿದರು. ಹದಿಮೂರು ನಿಮಿಷ ಹತ್ತು ಸೆಕೆಂಡು. “ಅದೂ ಹಲ್ಲು ಕಚ್ಚಿಕೊಂಡು,” ಅಂದರು ವಾಪಸ್ಸು ಬಂದು. ಎರಡನೆಯದಾಗಿ ನಾನು ನಡೆದೆ. ಹದಿನಾರು. ಅತ್ತೆ ಅಷ್ಟೂ ಹೊತ್ತು ಬೋರ್ಡಿನ ಎದುರಿನ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟು ಕುಳಿತಿದ್ದರು. ನಮ್ಮ ಅಂಕಿ ಎಷ್ಟೆಂದು ಕೇಳಲಿಲ್ಲ. ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಂಡು ಎದ್ದರು.

ನಾನು ಗಡಿಯಾರ ಹಿಡಿದು ಅವರ ಪಕ್ಕದಲ್ಲಿ ನಡೆದೆ. ಮೇಷ್ಟ್ರು ಇನ್ನೊಂದು ಪಕ್ಕ ಬಂದರು, ಬೇಡವೆಂದರೂ ಕೇಳಲಿಲ್ಲ. ಮೊದಲ ಇನ್ನೂರು ಮೀಟರನ್ನು ಅತ್ತೆ ಎಷ್ಟು ಬಿರುಸಾಗಿ ನಡೆದರೆಂದರೆ ನನಗೆ ಆತಂಕವಾಯಿತು. ಒಂದು ನಿಮಿಷ ಐವತ್ತು ಸೆಕೆಂಡಿನಲ್ಲಿ ಸಿಗ್ನಲ್ಲು ಮುಟ್ಟಿದೆವು. ಕೆಂಪು ದೀಪ. ಪಂದ್ಯದ ದಿನ ಕಾರುಗಳಿಗೆ ಹೆಚ್ಚು ಹೊತ್ತು ಬಿಡುತ್ತಾರೆ. ನಡೆಯುವವರೆಲ್ಲ ಗುಂಪಾಗಿ ನಿಂತೆವು.

“ಇದನ್ನ ಕಳೀಬೇಕು,” ಅಂದರು ಅತ್ತೆ. “ನಿಂತಿರೋದು ನಡಿಗೆ ಆಗಲ್ಲ.”

“ಬರ್ಕೋತೀನಿ ಅತ್ತೆ.”

ಅಲ್ಲಿ ನಿಂತದ್ದೂ ಒಂದು ನಿಮಿಷ ಐವತ್ತು ಸೆಕೆಂಡು. ದಾಟಿದ ಮೇಲೆ ಕಾರು ನಿಲ್ಲಿಸುವ ಬಯಲಿನ ಉದ್ದಕ್ಕೂ ಗೋಡೆ. ಕಾಲುದಾರಿಯಲ್ಲಿ ಮೂವರು ಸಾಲಾಗಿ ಹೋಗಬಹುದು, ಹೋಗುತ್ತಿದ್ದವರು ಆರು ಜನ. ಪೀಪಿ ಊದುವವರು, ಬಾವುಟ ಹೊದ್ದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಅವರ ನಡುವೆ ಅತ್ತೆಯ ಬಿರುಸು ತಾನಾಗಿಯೇ ತಗ್ಗಿತು. ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿತು. ಗೋಡೆ ಹಿಡಿದು ಸರಿಮಾಡಿಕೊಂಡರು. ನಲವತ್ತು ಸೆಕೆಂಡು. ಅದನ್ನೂ ಕಳೆಯಬೇಕು ಎಂದರು. ಮೇಷ್ಟ್ರು ನೀರಿನ ಬಾಟಲಿ ಚಾಚಿದರು. ಕುಡಿಯುತ್ತ ನಿಂತರೆ ಹೊತ್ತು ಹೋಗುತ್ತದೆಂದು ಅತ್ತೆ ತಲೆಯಾಡಿಸಿದರು.

ಒಂದನೇ ಗೇಟು ಮುಚ್ಚಿತ್ತು. ಪಂದ್ಯದ ದಿನ ಅದು ಆಟಗಾರರಿಗೂ ಗಣ್ಯರಿಗೂ ಮಾತ್ರ. ಜನ ಸುತ್ತು ಹಾಕಿ ನಾಲ್ಕನೇ ಗೇಟಿಗೆ ಹೋಗಬೇಕು. ನನ್ನ ಗಂಡ ಅಳೆದದ್ದು ಒಂದನೇ ಗೇಟಿನವರೆಗೆ, ಪಂದ್ಯವಿಲ್ಲದ ಒಂದು ಮಂಗಳವಾರ. ಅತ್ತೆ ಮುಚ್ಚಿದ ಗೇಟಿನ ಸರಳುಗಳನ್ನು ಒಂದು ಗಳಿಗೆ ನೋಡಿ ಮುಂದೆ ನಡೆದರು. ನಾಲ್ಕನೇ ಗೇಟಿನ ಕಂಬಕ್ಕೆ ಅಂಗೈ ತಾಗಿಸಿದಾಗ ನಾನು ಗಡಿಯಾರ ನಿಲ್ಲಿಸಿದೆ.

ಪಕ್ಕದ ಕಟ್ಟೆಯ ಮೇಲೆ ಮೂವರೂ ಕುಳಿತೆವು. ಅತ್ತೆಯ ಕುಪ್ಪಸದ ಬೆನ್ನು ಒದ್ದೆಯಾಗಿತ್ತು. ಉಸಿರು ಹದಕ್ಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು.

“ಎಷ್ಟು?”

“ಇಪ್ಪತ್ತೆರಡು ನಿಮಿಷ ಹತ್ತು ಸೆಕೆಂಡು.”

ಅತ್ತೆ ಬೆರಳು ಮಡಚಿ ಕಳೆಯತೊಡಗಿದರು. ಸಿಗ್ನಲ್ಲಿನದು ಒಂದು ಐವತ್ತು. ಚಪ್ಪಲಿಯದು ನಲವತ್ತು ಸೆಕೆಂಡು. ಗೇಟು ಮುಚ್ಚಿ ಸುತ್ತು ಹಾಕಿಸಿದ್ದು ಎಷ್ಟೆಂದು ಕೇಳಿದರು. ಮೂರು ನಲವತ್ತು ಎಂದೆ. ಮಿಲ್ಲಿನವರ ಲೆಕ್ಕ, ಒಂದು ಸೆಕೆಂಡೂ ತಪ್ಪಲಿಲ್ಲ.

“ಹದಿನಾರು,” ಅಂದರು. ಸುತ್ತ ನೋಡಿದರು. “ಇನ್ನೇನು ಕಳೀಬಹುದು?”

“ವಯಸ್ಸು ಕಳೀಬಹುದು ಅಮ್ಮ,” ಅಂದರು ಮೇಷ್ಟ್ರು. “ಒಂದು ನಲವತ್ತು ವರ್ಷ.”

“ನಿಮ್ಮದನ್ನ ಕಳ್ಕೊಳ್ಳಿ ಮೊದ್ಲು. ಕಾಲು ಝಾಡಿಸ್ಕೊಂಡು ಹೊರಟ್ರಲ್ಲ, ನಿಮಗೇ ಒಂಬತ್ತು ಬಂತಾ?”

ಮೇಷ್ಟ್ರು ಬಾಟಲಿಯ ಮುಚ್ಚಳ ತಿರುಗಿಸುತ್ತ, ಇಲ್ಲ, ಬರಲಿಲ್ಲ ಎಂದು ಒಪ್ಪಿಕೊಂಡರು. ಈಗ ಅತ್ತೆ ನೀರು ತೆಗೆದುಕೊಂಡು ಕುಡಿದರು. ಒಳಗೆ ಆಟಗಾರರ ಹೆಸರುಗಳನ್ನು ಕೂಗುತ್ತಿದ್ದರು, ಪ್ರತಿ ಹೆಸರಿಗೂ ಐವತ್ತು ಸಾವಿರ ಜನ ಉತ್ತರಿಸುತ್ತಿದ್ದರು. ಅತ್ತೆ ನನ್ನ ಕಡೆ ತಿರುಗಿದರು.

“ಅವನ ಜೊತೆ ನಡೆದಾಗ ನಿಂಗೆ ಎಷ್ಟಾಗ್ತಿತ್ತು?”

“ಅವರ ಜೊತೆ ನಾನು ನಡೆದೇ ಇಲ್ಲ ಅತ್ತೆ. ಹಿಂದೆ ನಡೆದಿದ್ದೀನಿ.”

ನಾಲ್ಕು ವರ್ಷ ಹಾಗೆಯೇ ನಡೆದದ್ದು. ಮಾರುಕಟ್ಟೆಗೆ ಹೋದರೆ ಅವನು ಮೊದಲು ಮುಟ್ಟಿ, ಅಂಗಡಿಯ ಮುಂದೆ ನಿಂತು ನನಗಾಗಿ ಕಾಯುತ್ತಿದ್ದ. ನಾನು ಬಂದ ಕೂಡಲೇ ಮತ್ತೆ ಹೊರಡುತ್ತಿದ್ದ. ತನ್ನದು ಎಲ್ಲರ ನಡಿಗೆ ಎಂದೇ ಅವನು ತಿಳಿದಿದ್ದ. ನಾನು ಕಾಲು ನೋಯುತ್ತದೆ ಎಂದು ಒಮ್ಮೆಯಾದರೂ ಹೇಳಿದ್ದರೆ ಆ ಒಂಬತ್ತು ಬೇರೆ ಏನಾದರೂ ಆಗಿರುತ್ತಿತ್ತೇನೋ. ಹೇಳಿರಲಿಲ್ಲ. ಅವನ ಬೆನ್ನು ನೋಡುತ್ತ ನಡೆಯುವುದು ನನಗೆ ಬೇಡವಾಗಿರಲಿಲ್ಲ.

ಅತ್ತೆ ಬಾಟಲಿಯನ್ನು ಮೇಷ್ಟ್ರಿಗೆ ಹಿಂತಿರುಗಿಸಿದರು. ಆಮೇಲೆ, “ಅವರಪ್ಪನೂ ಹಾಗೇ,” ಅಂದರು. “ಮದುವೆಯಾದ ಮಾರನೇ ದಿನ ನನ್ನ ಬಸ್ ಸ್ಟ್ಯಾಂಡಿಗೆ ಕರ್ಕೊಂಡು ಹೊರಟ್ರು. ಅವರು ಬಸ್ಸಲ್ಲಿ ಸೀಟು ಹಿಡಿದು ಕೂತು ಹೊರಗೆ ನೋಡ್ತಿದ್ರು. ನಾನಿನ್ನೂ ರಸ್ತೆ ಆಚೆ ಇದ್ದೆ. ಬಸ್ಸು ಹೊರಟೇಬಿಡ್ತು.”

“ಆಮೇಲೆ?” ಅಂದರು ಮೇಷ್ಟ್ರು.

“ಆಮೇಲೇನು. ಮುಂದಿನ ಸ್ಟಾಪಲ್ಲಿ ಇಳಿದು ವಾಪಸ್ಸು ಬಂದ್ರು. ಅದೂ ಬೇಗನೇ ಬಂದ್ರು.”

ಅತ್ತೆ ನಗಲಿಲ್ಲ. ನನ್ನ ಕೈಯಲ್ಲಿದ್ದ ಹಾಳೆಯನ್ನು ಬೆರಳಿನಿಂದ ಮುಟ್ಟಿದರು.

“ಬರ್ಕೋ. ಇಪ್ಪತ್ತೆರಡು ಹತ್ತು. ಏನೂ ಕಳೀಬೇಡ.”

ಬರೆದುಕೊಂಡೆ. ಸರಾಸರಿ ಹದಿನೇಳು ನಿಮಿಷ ಏಳು ಸೆಕೆಂಡು ಬಂತು.

ರದ್ದತಿಯ ಅರ್ಜಿಯಲ್ಲಿ, ಹಿಂದಿನ ಅಳತೆ ತಪ್ಪಲು ಕಾರಣ ಎಂದು ಒಂದು ಕಾಲಂ ಇದೆ. ಮೇಡಂ ಅದನ್ನು ಖಾಲಿ ಬಿಡಬಹುದು ಎಂದರು, ಅನೇಕರು ಬಿಡುತ್ತಾರೆ. ನಾನು ತುಂಬಿದೆ. ಅಳೆದವರು ತಮ್ಮ ಸಹಜ ವೇಗದಲ್ಲಿ ನಡೆದಿದ್ದಾರೆ. ಆ ವೇಗ ಹೆಚ್ಚಿನವರಿಗೆ ಸಾಧ್ಯವಿಲ್ಲ. ಪಂದ್ಯವಿಲ್ಲದ ದಿನ, ಒಬ್ಬರೇ ನಡೆದಿದ್ದಾರೆ. ಕೆಳಗೆ ಅವನ ಹೆಸರು ಬರೆದು, ಅದರ ಕೆಳಗೆ ನನ್ನ ಸಹಿ ಹಾಕಿದೆ. ಕರಡಿನಲ್ಲಿ ‘ಜನರ ಅಭ್ಯಾಸ’ ಎಂದಿದ್ದನ್ನು ಹೊಡೆದು ಹಾಕಿದೆ.

ಫೀಡರ್ ಬಸ್ಸು ಮಂಜೂರಾಗಲು ಆರು ವಾರ ಹಿಡಿಯಿತು. ಪಂದ್ಯದ ದಿನಗಳಲ್ಲಿ ನಿಲ್ದಾಣದ ಬಾಗಿಲಿನಿಂದ ನಾಲ್ಕನೇ ಗೇಟಿಗೆ ಹತ್ತು ಬಸ್ಸು, ಅವುಗಳಿಗೆಂದೇ ರಸ್ತೆಯಲ್ಲಿ ಒಂದು ಸಾಲು. ಮೊದಲ ಪಂದ್ಯಕ್ಕೆ ರೈಲಿನಲ್ಲಿ ಹತ್ತು ಸಾವಿರದ ಎಂಟುನೂರು ಜನ ಬಂದರು. ಮೂರನೆಯದಕ್ಕೆ ಹದಿನೈದು ಸಾವಿರ ದಾಟಿತು. ಆ ವಾರ ಮೇಷ್ಟ್ರು ದೂರಿನ ಕಿಟಕಿಗೆ ಮತ್ತೆ ಬಂದು, ಬಸ್ಸಿನಲ್ಲಿ ತಮ್ಮ ಹೆಂಡತಿಗೆ ಸೀಟು ಸಿಕ್ಕಿತು, ತಮಗೆ ಸಿಗಲಿಲ್ಲ ಎಂದು ಲಿಖಿತ ಅರ್ಜಿ ಕೊಟ್ಟು ಹೋದರು. ಗುಮಾಸ್ತರು ಅದನ್ನು ನೇರವಾಗಿ ನನ್ನ ಮೇಜಿಗೆ ತಂದಿಟ್ಟರು.

ಬೋರ್ಡನ್ನು ಇಳಿಸಿದ ದಿನ ಅತ್ತೆಗೆ ಹೇಳಿದೆ. ಅದು ಈಗ ಎಲ್ಲಿದೆ ಎಂದು ಕೇಳಿದರು. ಉಗ್ರಾಣದಲ್ಲಿದೆ ಎಂದೆ. ಮನೆಗೆ ತರಲು ಕೊಡುತ್ತಾರೆಯೇ ಎಂದರು. ಆರು ಅಡಿ ಉದ್ದವಿದೆ, ಮೆಟ್ಟಿಲಿನ ತಿರುವಿನಲ್ಲಿ ಹಿಡಿಯುವುದಿಲ್ಲ ಎಂದೆ. ಅವರು ಬಾಗಿಲ ಕಡೆ ನೋಡಿ, ಮನಸ್ಸಿನಲ್ಲೇ ಅಳೆದು, ಹಾಗಾದರೆ ಬೇಡ ಎಂದರು.

ಮೇಡಂ ಹೇಳಿದ್ದಂತೆಯೇ ಆಯಿತು. ಇಡೀ ನಡಿಗೆ ಪಟ್ಟಿಯನ್ನು ಹೊಸದಾಗಿ ಅಳೆಯಬೇಕೆಂದು ಮೇಲಿನಿಂದ ಆದೇಶ ಬಂತು. ಉಳಿದ ನಾನೂರ ಹನ್ನೊಂದನ್ನು ಹೊರಗಿನವರಿಗೆ ವಹಿಸುತ್ತೇನೆ, ನೀನು ಮಾಡಬೇಕಾಗಿಲ್ಲ ಎಂದು ಮೇಡಂ ಹೇಳಿದರು. ನಾನೇ ಮಾಡುತ್ತೇನೆ ಎಂದೆ. ಸ್ಕೇಲು ತಾನೂ ಬರುತ್ತೇನೆಂದ. ನಿಧಾನದವರ ಲೆಕ್ಕಕ್ಕೆ ತನ್ನನ್ನು ಹಿಡಿಯಬಹುದು ಎಂದು ಹೊಟ್ಟೆ ತಟ್ಟಿಕೊಂಡ. ಚುರುಕಿನದನ್ನು ಮೇಷ್ಟ್ರು ಯಾರಿಗೂ ಬಿಟ್ಟುಕೊಡಲಿಲ್ಲ. ದಿನಕ್ಕೆ ಮೂರು, ಕೆಲವು ದಿನ ನಾಲ್ಕು. ನನ್ನ ಗಂಡ ಬರೆದ ಅಂಕಿಯ ಮೇಲೆ ಗೀಟು ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯುತ್ತೇನೆ. ಗೀಟಿನ ಕೆಳಗೆ ಹಳೆಯದು ಕಾಣುತ್ತದೆ. ಕಾಣುವಂತೆಯೇ ಎಳೆಯಬೇಕೆಂಬುದು ಕಚೇರಿಯ ಕ್ರಮ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಅತ್ತೆ ಅಡುಗೆಮನೆಯಿಂದಲೇ ಕೇಳುತ್ತಾರೆ.

“ಇವತ್ತು ಎಲ್ಲಿ?”

ನಿನ್ನೆ ಹಾಗೆ ಕೇಳಿದಾಗ, ಕಣ್ಣಾಸ್ಪತ್ರೆಗೆ ಹೋಗಿದ್ದೆವು ಎಂದೆ.

“ಅವನದೆಷ್ಟು?”

“ಆರು.”

“ನಿಮ್ಮದು?”

“ಹನ್ನೊಂದು. ಅಲ್ಲಿಗೂ ಬಸ್ಸು ಬಿಡಬೇಕಾಗುತ್ತೆ.”

ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಆ ಆಸ್ಪತ್ರೆಯ ದಾರಿ ಏರಲ್ಲವೇ ಎಂದು ಕೇಳಿದರು. ಹೌದು, ಕೊನೆಯ ಅರ್ಧ ಪೂರ್ತಿ ಏರು ಎಂದೆ.

“ಏರಲ್ಲೂ ಆರಾ,” ಅಂದರು. ಆಮೇಲೆ, ನಾಳೆ ಎಲ್ಲಿ ಎಂದು ಕೇಳಿದರು. ಪಟ್ಟಿ ತೆಗೆದು ನೋಡಿ ಹೇಳಿದೆ.